ಅರ್ಧಕ್ಕೆ ನಿಂತ ಸಾಲು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ಆದರೆ ಒಂದು ಮಾತು. ಇದನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳಿದ ಪ್ರತಿಸಲವೂ ಅದು ಇನ್ನಷ್ಟು ಚೆನ್ನಾಗುತ್ತ ಹೋಗಿದೆ. ಹಾಗಾಗಿ ನನಗೇ ಅನುಮಾನ ಬಂದ ಭಾಗಗಳನ್ನೆಲ್ಲ ಬಿಟ್ಟು, ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಬಾಳೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನನ್ನ ಹೆಂಡತಿ ಸವಿತ ಮೊದಲ ಹೆರಿಗೆಗೆಂದು ಅರಸೀಕೆರೆಯ ತವರಿಗೆ ಹೋಗಿದ್ದಳು. ಕಾಲು ಊದಿದೆ, ಬಿ.ಪಿ. ಜಾಸ್ತಿಯಿದೆ ಎಂದು ಡಾಕ್ಟರು ಹೇಳಿದ್ದರು. ಇಲ್ಲಿ ಹಣ್ಣು ಕೊಯ್ಲು ಮುಗಿಯುವ ಹೊತ್ತು. ಸಿಪ್ಪೆ ಸುಲಿದು ತೊಳೆದ ಕಾಫಿಯನ್ನು ಕಣದಲ್ಲಿ ಹರಡಿದ್ದೆ. ಅದನ್ನು ಬಿಸಿಲಿಗೆ ಆಗಾಗ ತಿರುವದಿದ್ದರೆ ಕೆಡುತ್ತದೆ. ನಾನು ತಿರುವುವುದು ಮರದ ಹಲಗೆಯಿಂದ. ಸವಿತ ಬರಿಗಾಲಿನಲ್ಲಿ. ಕಾಲೆಳೆಯುತ್ತ ಒಂದು ಸಾಲು ಮಾಡಿಕೊಂಡು ಆಚೆ ದಡಕ್ಕೆ ಹೋಗಿ, ಅದರ ಪಕ್ಕದಲ್ಲೇ ಇನ್ನೊಂದು ಸಾಲು ಎಳೆಯುತ್ತ ವಾಪಸು ಬರುವುದು. "ನಿಮ್ಮ ಸಾಲು ನೋಡಿದ್ರೆ ಕುಡಿದ ಹಾವು ಹೋದಂಗಿದೆ ಕಣ್ರೀ," ಎಂದು ನಗುತ್ತಿದ್ದಳು.

ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ತೋಟದ ಮೇಲಿನ ಬಂಡೆಯ ಹತ್ತಿರ ಮಾತ್ರ. ಆ ದಿನ ಊಟದ ಹೊತ್ತಿಗೆ ಮೇಲೆ ಹೋದಾಗ ಅತ್ತೆ ಫೋನಿನಲ್ಲಿ ಸಿಕ್ಕಿದರು.

"ಫಿಟ್ಸ್ ಬಂತಪ್ಪ. ಹಾಸನಕ್ಕೆ ಕರ್ಕೊಂಡು ಬಂದಿದೀವಿ. ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರು. ಕೂಗಿದ್ರೂ ಕಣ್ಣೇ ಬಿಡ್ತಿರ್ಲಿಲ್ಲ."

ಪಕ್ಕದ ತೋಟದವರ ಜೀಪು ಮೂಡಿಗೆರೆಗೆ ಹೋಗಿತ್ತು. ಅದು ಬರುವವರೆಗೆ ನಾನು ಕಾಯಬೇಕು. ಎದೆ ಹೊಡೆದುಕೊಂಡಿತು, ಕಣ್ಣು ಕತ್ತಲೆ ಬಂತು ಎಂದೆಲ್ಲ ಬರೆಯಬಹುದು. ಹಾಗೇನೂ ಆಗಲಿಲ್ಲ. ಏನೂ ಆಗಲಿಲ್ಲ. ಫೋನಿನ ಗಾಜನ್ನು ಅಂಗಿಯಿಂದ ಒರೆಸಿದೆ. ಇಳಿಯುವಾಗ ಬೇಲಿಯ ತಂತಿ ಸಡಿಲವಾಗಿದ್ದು ಕಂಡಿತು, ನಿಂತು ಬಿಗಿದೆ.

ಕಣಕ್ಕೆ ಬಂದರೆ, ನಾನು ಹಲಗೆಯಲ್ಲಿ ಎಳೆದಿದ್ದ ಗೆರೆಗಳ ಮೇಲೆ ಅಡ್ಡಲಾಗಿ ಹೊಸದೊಂದು ಸಾಲು ಇತ್ತು. ಕಾಲಿನಿಂದ ಎಳೆದದ್ದು. ಈಚೆ ದಡದಲ್ಲಿ ಶುರುವಾಗಿ ನೇರವಾಗಿ ಹೋಗಿ, ಕಣದ ನಡುವೆ ನಿಂತುಬಿಟ್ಟಿತ್ತು. ವಾಪಸು ಬಂದ ಗುರುತಿಲ್ಲ. ಹರಡಿದ ಕಾಫಿಯ ಮೇಲೆ ಕೋಳಿ ನಡೆದರೂ ಗೊತ್ತಾಗುತ್ತದೆ.

ತೋಟದ ಕೆಲಸಕ್ಕೆ ಬರುವ ಲಕ್ಷ್ಮಮ್ಮ ಊಟ ಮುಗಿಸಿ ಬಂದು ಪಕ್ಕದಲ್ಲಿ ನಿಂತರು. "ಇದ್ಯಾರು ಮಾರಾಯ್ರೆ ಕಾಲಾಡ್ಸಿದ್ದು? ಅರ್ಧಕ್ಕೇ ಹಾರಿ ಹೋದ್ರಾ?" ಎಂದು ನಕ್ಕರು. ನಾನು ಸವಿತಳ ವಿಷಯ ಹೇಳಿದೆ. ಅವರ ನಗು ನಿಂತಿತು. ಸಾಲನ್ನು ನೋಡಿ, "ಹಂಗೆ ಬಿಡ್ಬಾರ್ದು," ಎಂದರು.

ಚಪ್ಪಲಿ ಬಿಟ್ಟೆ. ಆ ಸಾಲಿನೊಳಗೇ ಹೆಜ್ಜೆಯಿಡುತ್ತ ಅದು ಮುಗಿದಲ್ಲಿಗೆ ಹೋದೆ. ಅದು ನನ್ನ ಪಾದ ಹಿಡಿಸದಷ್ಟು ಕಿರಿದಾಗಿತ್ತು. ನಡುವೆ ತಿರುಗಿ, ಅದರ ಪಕ್ಕದಲ್ಲೇ ಕಾಲೆಳೆಯುತ್ತ ವಾಪಸು ಬಂದೆ. ಕಾಫಿ ಕಾದಿತ್ತು, ಆದರೆ ಅಂಗಾಲಿಗೆ ಬಿಸಿ ಹತ್ತಿದ ನೆನಪಿಲ್ಲ. ಪ್ರಾರ್ಥನೆ ಮಾಡಿದೆನೆಂದು ಲಕ್ಷ್ಮಮ್ಮ ಊರಲ್ಲಿ ಹೇಳಿಕೊಂಡು ಬಂದಿದ್ದಾರೆ. ಮಾಡಲಿಲ್ಲ. ಶುರುವಾದ ಸಾಲನ್ನು ಮುಗಿಸಿದೆ, ಅಷ್ಟೇ.

ಜೀಪು ಬಂತು. ದಾರಿಯಲ್ಲಿ ಸಿಗ್ನಲ್ ಸಿಕ್ಕಿದಾಗ ಅತ್ತೆಯೇ ಫೋನ್ ಮಾಡಿದರು. ಹೆಣ್ಣು ಮಗು. ಮೊದಲು ಅಳಲೇ ಇಲ್ಲವಂತೆ, ಕೈತಪ್ಪಿತು ಅಂದುಕೊಳ್ಳುವಷ್ಟರಲ್ಲಿ ಅತ್ತಿತಂತೆ. ಆಮೇಲೆ ಸವಿತಳೂ ಕಣ್ಣು ಬಿಟ್ಟಳಂತೆ. ಅದು ನಾನು ಕಣದ ನಡುವೆ ಇದ್ದ ಹೊತ್ತೇ, ದಡಕ್ಕೆ ಬಂದ ಹೊತ್ತೇ, ಅಥವಾ ಅದಕ್ಕೂ ಎಷ್ಟೋ ಮೊದಲೇ? ಹುಟ್ಟಿದ ಹೊತ್ತು ಆಸ್ಪತ್ರೆಯ ಚೀಟಿಯಲ್ಲಿದೆ, ಆದರೆ ಮಗು ಅತ್ತಾಗ ಅಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ. ಇಲ್ಲಿ ನಾನೂ ನೋಡಿರಲಿಲ್ಲ. ಹೇಳುವಾಗ ಎರಡೂ ಒಂದೇ ಗಳಿಗೆಯಲ್ಲಿ ನಡೆದಂತೆ ಆಗಿಬಿಡುತ್ತದೆ. ಅದನ್ನು ನಂಬಬೇಡಿ.

ಯಾರೋ ಕೂಲಿಯವರು ಅರ್ಧ ಸಾಲು ಎಳೆದು ಜಿಗಿದಿರಬಹುದೇ? ಅಷ್ಟು ದೂರ ಜಿಗಿಯಲಾಗುವುದಿಲ್ಲ. ಯಾರೂ ಒಪ್ಪಿಕೊಳ್ಳಲೂ ಇಲ್ಲ. ಫೋಟೋ ತೆಗೆಯಬಹುದಿತ್ತು. ಫೋನು ಕೈಯಲ್ಲೇ ಇತ್ತು, ತಲೆಗೆ ಹೊಳೆಯಲಿಲ್ಲ.

ಸವಿತಳಿಗೆ ಬಹಳ ದಿನ ಹೇಳಲಿಲ್ಲ. ಹೋದ ವರ್ಷ, ಅವಳು ಇದೇ ಕಣದ ಕಟ್ಟೆಯ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಾಗ ಹೇಳಿದೆ. ಅವಳಿಗೆ ಭಯವಾಗಲಿಲ್ಲ. ಸಾಲು ಎಷ್ಟು ಅಗಲವಿತ್ತು ಎಂದು ಕೇಳಿದಳು. ನಾನು ಹೆಬ್ಬೆರಳು, ತೋರುಬೆರಳು ಸ್ವಲ್ಪವೇ ಅಗಲಿಸಿ ತೋರಿಸಿದೆ.

"ಇಷ್ಟೇನಾ? ಆಗ ನನ್ನ ಕಾಲು ಊದ್ಕೊಂಡು ನಿಮ್ಮ ಚಪ್ಪಲಿನೂ ಹಿಡೀತಿರ್ಲಿಲ್ವಲ್ರೀ," ಎಂದಳು. "ಅದು ನನ್ನ ಸಾಲಲ್ಲ."

ಆಮೇಲೆ ಬಾಚಣಿಗೆ ಹಿಡಿದ ಕೈ ನಿಲ್ಲಿಸಿ ಕೇಳಿದಳು:

"ಹಂಗಾದ್ರೆ ನೀವು ಯಾರನ್ನ ವಾಪಸ್ ಕರ್ಕೊಂಡು ಬಂದ್ರಿ?"

ಈಗ ಕಾಫಿ ಹರಡಿದ ದಿನಗಳಲ್ಲಿ ಮಗಳು ಅಮ್ಮನ ಹಾಗೇ ಬರಿಗಾಲಿನಲ್ಲಿ ಕಣಕ್ಕೆ ಇಳಿಯುತ್ತಾಳೆ. ಅವಳು ತಿರುಗಿ ಈಚೆ ದಡಕ್ಕೆ ಬರುವವರೆಗೆ ನನ್ನ ಕೈಯಲ್ಲಿದ್ದ ಕೆಲಸ ಮುಂದೆ ಹೋಗುವುದಿಲ್ಲ.