ನಡುಮನೆಯ ಮಂಚ

ಬೇಗೂರಿನ ಆ ಮನೆಗೆ ಬಣ್ಣ ಹೊಡೆಸಿದ ಮೇಲೂ ನೋಡಲು ಬಂದವರೆಲ್ಲ ಬಾಗಿಲಿಂದಲೇ ವಾಪಸ್ ಹೋಗುತ್ತಿದ್ದರು. ನಡುಮನೆಯ ಮಂಚದಲ್ಲಿ ಲಕ್ವ ಹೊಡೆದ ಮಾದಪ್ಪಣ್ಣ ಮಲಗಿರುತ್ತಿದ್ದರು. ಮನೆ ಮಾರಾಟಕ್ಕಿದ್ದದ್ದೇ ಅವರ ಆಸ್ಪತ್ರೆ ಖರ್ಚಿಗೆ.

ದಲ್ಲಾಳಿಯಾದ ನಾನು ಅವರ ಹೆಂಡತಿಗೆ ಹೇಳಿದೆ: "ಅಕ್ಕಾ, ನಾಳೆ ಗುಂಡ್ಲುಪೇಟೆಯಿಂದ ಒಬ್ರು ಮನೆ ನೋಡಕ್ಕೆ ಬತ್ತಾರೆ. ಒಂದ್ಗಂಟೆ ಅಣ್ಣನ್ನ ಪಕ್ಕದ್ಮನೆ ಜಗಲೀಲಿ ಮಲಗ್ಸನ."

ಮಂಚದಿಂದ ತೊದಲು ಮಾತು ಬಂತು: "ಗ್ವಾಡೆಗೆ ಬಣ್ಣ ಬಳುದ್ರಲ್ಲ, ನಂಗೂ ವಸಿ ಪೌಡ್ರು ಆಕ್ಬುಡಪ್ಪ. ಇಲ್ಲೇ ಇರ್ತೀನಿ."

ಮಾರನೇ ದಿನ ಅಕ್ಕನೂ ನಾನೂ ಅವರನ್ನು ಮಂಚದ ಸಮೇತ ಎತ್ತಿಕೊಂಡು ಹೋದೆವು. ಬಂದವರಿಗೆ ಮನೆ ಹಿಡಿಸಿತು.

ಕರಾರಿಗೆ ಮುಂಚೆಯೇ ಮಾದಪ್ಪಣ್ಣ ತೀರಿಕೊಂಡರು. "ಇನ್ಯಾಕಪ್ಪ ಮಾರ್ಲಿ?" ಅಂದರು ಅಕ್ಕ. ಆ ಗಳಿಗೆಯಲ್ಲಿ ನನಗೆ ಮೊದಲು ನೆನಪಾದದ್ದು ನನ್ನ ಕಮಿಷನ್. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.