ಗುಂಡಮ್ಮನ ಪತ್ರಾದ ಮೇಲಿನ ವಿಮಾನ

ನಮ್ಮ ಔರಾದ ಶಹಾಜನಿಯಲ್ಲಿ ಗುಂಡಮ್ಮನಂಥ ಹಟಮಾರಿ ಇನ್ನೊಬ್ಬಳಿಲ್ಲ. ಪಕ್ಕದ ಮನೆಯವಳಾಗಿ ಅವಳೊಡನೆ ಅರ್ಧ ಆಯುಷ್ಯ ಜಗಳವಾಡಿದ ನಾನೇ ಹೇಳುತ್ತಿದ್ದೇನೆ.

ತೊಂಬತ್ಮೂರರ ಭೂಕಂಪವಾದಾಗ ಅವಳು ಕಿಲ್ಲಾರಿ ಕಡೆ ಅಕ್ಕನ ಮನೆಗೆ ಹೋಗಿದ್ದಳು. ಗಣಪತಿ ಕಳಿಸಿದ ಮರುನಸುಕಿನಲ್ಲಿ ನೆಲದೊಳಗೆ ಗುಡುಗಿತು. ಲಾರಿ ಹೋಯಿತೆಂದು ಮಗ್ಗುಲು ಬದಲಿಸಿದಳಂತೆ. ಅಕ್ಕನೂ ಇವಳ ಚೊಚ್ಚಲ ಮಗುವೂ ಕಲ್ಲಿನಡಿ ಹೋದರು. ಅಂದಿನಿಂದ ಅವಳು ಮಲಗುವುದು ಅಂಗಳದ ತಗಡಿನ ಪತ್ರಾದ ಕೆಳಗೆ. ಮನೆಯೊಳಗೆ ಗೂಡಿನಲ್ಲಿ ಒಂದು ತಂಬಿಗೆ ಬೋರಲು ಹಾಕಿ, ಅದರ ಮೇಲೆ ಇನ್ನೊಂದನ್ನು ಇಟ್ಟಿರುತ್ತಾಳೆ. ನೆಲ ಅಲುಗಿದರೆ ಮೊದಲು ಅದು ಹೇಳಬೇಕು. ಆಗೆಲ್ಲ ನಾವೂ ಹಾಗೆ ಇಟ್ಟವರೇ, ಆಮೇಲೆ ಬಿಟ್ಟೆವು.

ಭೂಕಂಪದ ನಂತರ ಹುಟ್ಟಿದ ಮಗಳು ಶಾಂಭವಿ ಹೆರಿಗೆಗೆ ಬಂದಳು. ಬಾಣಂತಿಗೆ ಗಾಳಿ ಸೋಕಬಾರದು. ಒಳಕೋಣೆ, ಮಲಗುವ ಹೊರಸಿನ ಕೆಳಗೆ ಕೆಂಡ, ಕಿವಿಗೆ ಬಟ್ಟೆ. ಗುಂಡಮ್ಮ ಒಳಗೆ ಕೂರಲೇಬೇಕಾಯಿತು. ಅದೇ ಹೊತ್ತಿಗೆ ಕಲಬುರಗಿಯಿಂದ ನಾಂದೇಡಕ್ಕೆ ಒಂದು ಸಣ್ಣ ವಿಮಾನ ಮಧ್ಯಾಹ್ನ ನಮ್ಮ ತಲೆಯ ಮೇಲೆ ಹಾಯತೊಡಗಿತು. ಅದು ಗುಡುಗಿದಾಗಲೆಲ್ಲ ಗುಂಡಮ್ಮ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡುವಳು.

"ಇನ್ನೊಂದ್ ಸಲ ಕೂಸಿನ್ನ ಗಾಳ್ಯಾಗ ಒಯ್ದಿ ಅಂದ್ರ ನಾ ಅತ್ತಿಮನಿಗೆ ಹೋಗ್ತೀನಿ ನೋಡವ್ವಾ," ಎಂದಳು ಶಾಂಭವಿ. ಬರಿ ಮಾತಲ್ಲ, ಗಂಟು ಕಟ್ಟಿದ್ದಳು.

ಅಳಿಯ ಧನರಾಜ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವವನು. ಅವನೇ ಬಂದು ತಿಳಿಹೇಳಿದ. "ನಾಂದೇಡಕ್ಕ ಬಸ್ಸಿಗೆ ಹೋದ್ರ ದಿನ ಪೂರಾ ಹೋಗ್ತದ್ರೀ ಅತ್ತಿ. ಇದಕ್ಕ ತಿರುವಿಲ್ಲ, ದಾರಿ ಕವಲೊಡ್ಯೂ ಫಾಟಾ ಇಲ್ಲ, ಸೀದಾ. ಎರಡ್ನೂರ ಚಿಲ್ಲರ ಕಿಲೋಮೀಟರ್, ಮುಕ್ಕಾಲ್ ತಾಸು. ಹೊಂಟ ಇಪ್ಪತ್ ಮಿನಿಟಿಗೆ ನಿಮ್ ಪತ್ರಾದ ಮ್ಯಾಲ ಇರ್ತದ. ಅದು ನೆಲ ಬಿಟ್ಟ ಕೂಡ್ಲೆ ನಾ ಫೋನ್ ಮಾಡ್ತೀನಿ, ನೀವು ಆರಾಮ ಕುಂದರ್ರಿ."

ದಿನಾ ಫೋನು ಬಂತು. ಗುಂಡಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಂಬಿಗೆಯನ್ನೇ ನೋಡುತ್ತ ಕೂರುವಳು. ವಿಮಾನ ಹೋಗುವುದು, ತಂಬಿಗೆ ಮಿಸುಕದು. ಬರಬರುತ್ತ ಒಳಗೇ ತೂಕಡಿಸಲೂ ಕಲಿತಳು. ನಾನು ಎಷ್ಟು ಚುಡಾಯಿಸಿದರೂ ಒಳಗೊಳಗೆ ಖುಷಿಯೇ ಆಗಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. "ಈಗ ಬಿಡ್ತು ನೋಡ್ರೀ ಅತ್ತಿ," ಎಂದ ಧನರಾಜ. ಫೋನು ಕೆಳಗಿಡುವ ಮೊದಲೇ ಗುಡುಗು ಶುರುವಾಯಿತು.

"ವಿಮಾನ ಅದ ಅವ್ವಾ, ಸುಮ್ ಕೂಡು," ಎಂದಳು ಶಾಂಭವಿ. ನಾನೂ ಹೂಂಗುಟ್ಟಿದೆ.

ಗುಂಡಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅದು ಇನ್ನಾ ಕಲಬುರಗಿ ದಾಟಿಲ್ಲ ಜಗದೇವಿ. ಇದು ಯಾವುದು?"

ತಂಬಿಗೆ ಕಿಣಿಕಿಣಿ ಎಂದಿತು. ಅವಳು ಒಂದು ಕೈಲಿ ಕೂಸು, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ಹೊರಗೆ ಓಡಿದಳು. ಮನೆ ಬೀಳಲಿಲ್ಲ, ಒಂದು ಹರಳೂ ಉದುರಲಿಲ್ಲ. ಆಕಾಶ ಖಾಲಿ. ಸದ್ದು ಮಾತ್ರ ನಮ್ಮ ಅಂಗಾಲಿನ ಕೆಳಗೆ ನಿಧಾನವಾಗಿ ಹಾದು ಕಿಲ್ಲಾರಿಯ ದಿಕ್ಕಿಗೆ ಹೋಗಿ ನಿಂತಿತು.

"ಒಳಗ ಬರ್ರಿ, ಕೂಸಿಗೆ ಗಾಳಿ ಬಡೀತದ," ಎಂದು ಶಾಂಭವಿ ಹೊಸ್ತಿಲಿಗೆ ಬಂದು ಬೈಯುತ್ತಲೇ ಇದ್ದಳು. ಗುಂಡಮ್ಮ ಅಲುಗಲಿಲ್ಲ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ವಿಮಾನ ಬಂತು. ಮೇಲೆ ಹೊಳೆಯುತ್ತ, ತನ್ನದೇ ತೆಳು ಸದ್ದಿನಲ್ಲಿ ಉದಗೀರದ ಕಡೆ ಹೋಯಿತು. ಶಾಂಭವಿ ಅದು ಮರೆಯಾಗುವವರೆಗೆ ನೋಡಿದಳು. ಬೈಗುಳ ನಿಂತಿತ್ತು.

ಒಳಗೆ ಹೋಗಿ ಕಿವಿಯ ಬಟ್ಟೆ ಬಿಗಿ ಮಾಡಿಕೊಂಡು ಬಂದಳು.

"ಅವ್ವಾ, ಹೊರಸ ಹೊರಗ ತರೂಣು. ಆ ಕಡೀಗ ಹಿಡಿ."

ಕೂಸು ಗುಂಡಮ್ಮನ ಕೈಯಲ್ಲಿತ್ತು. ಆ ಕಡೆ ನಾನೇ ಹಿಡಿದೆ.