ಮಸಿಬಟ್ಟೆಯಲ್ಲಿ ಫೋನು ಹಿಡಿದ ಚೆಲುವಮ್ಮ

ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಇರುತ್ತದಲ್ಲ, ಚೆಲುವಮ್ಮ ಫೋನು ಹಿಡಿಯುತ್ತಿದ್ದದ್ದು ಅದರಲ್ಲೇ. ಫೋನು ಬಡಿದುಕೊಂಡರೆ ಮೊದಲು ಒಳಗೆ ಹೋಗಿ ಮಸಿಬಟ್ಟೆ ತರುತ್ತಿದ್ದಳು. ಅದನ್ನು ಮಡಿಸಿ, ಫೋನು ಎತ್ತಿ, ತೋಳನ್ನು ಉದ್ದಕ್ಕೆ ಚಾಚಿ, ಮುಖ ಆಚೆ ತಿರುಗಿಸಿಕೊಂಡು ಕೂಗುತ್ತಿದ್ದಳು. ಅವಳು ಫೋನನ್ನು ಕಿವಿಗೆ ಇಟ್ಟಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಸ್ಪೀಕರು ಹಾಕಿಯೇ ಮಾತು, ಅದೂ ಜಗಲಿಯ ಮೇಲೇ ಮಾತು. ದೂರದಿಂದ ನೋಡಿದವರು, ಇವಳು ಹಾವು ಹಿಡಿದುಕೊಂಡು ಅದಕ್ಕೆ ಬೈಯುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗೆ.

“ಫೋನು ಅಂದ್ರೆ ಗುರ್ತಿಲ್ದಿರೋ ನೆಂಟ ಇದ್ದಂಗೆ ಕಣಮ್ಮಿ. ಜಗಲಿಲೇ ಕುಂಡ್ರುಸಿ, ಮಾತಾಡ್ಸಿ, ಕಳುಸ್ಬುಡ್ಬೇಕು. ಒಳಿಕ್ ಬುಟ್ಕಂಡ್ರೆ ಮಲಗೋ ಮನೆಗಂಟ ಬತ್ತದೆ,” ಅನ್ನುವಳು.

ಚೆಲುವಮ್ಮ ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಒಳಗೆ ನಡೆದರೆ ನಮ್ಮೂರು. ಮನೆ ಭಾಗವಾದ ಮೇಲೂ ನಮ್ಮ ನಡುವೆ ಇದ್ದದ್ದು ಒಂದೇ ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಗೊಣಗಿದರೆ ಅವಳಿಗೆ ಕೇಳುತ್ತಿತ್ತು. ನಮ್ಮಿಬ್ಬರಿಗೂ ಬಹಳ ಪ್ರೀತಿ ಇತ್ತು ಅಂದರೆ ಸುಳ್ಳಾಗುತ್ತದೆ. ಅಭ್ಯಾಸ ಇತ್ತು.

ಅವಳದು ಅನುಮಾನದ ಜೀವ. ಅಂಗಡಿಯವನು ತೂಗುವಾಗ ತಕ್ಕಡಿ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು. ನಕ್ಕುಕೊಂಡು ಮನೆಗೆ ಬಂದವರನ್ನು ನೀರು ಕೊಡುವ ಮೊದಲೇ “ಯಾತುಕ್ ಬಂದ್ರಿ?” ಅಂತ ಕೇಳಿಬಿಡುತ್ತಿದ್ದಳು. ನಾನೂ ಸುಲಭಕ್ಕೆ ನಂಬುವವಳಲ್ಲ. ಆದರೆ ಅವಳ ಮುಂದೆ ನಾನು ಹಸುವಿನಂಥವಳು.

ಬದುಕಿಡೀ ಅವಳು ಮಾಡಿದ್ದು ರೇಷ್ಮೆ. ಹುಳ ಸಾಕಿದವರಿಗೆ ಗೊತ್ತು, ಹುಳದ ಮನೆಯೆಂದರೆ ಬಾಣಂತಿಯ ಕೋಣೆ ಇದ್ದ ಹಾಗೆ. ಕಾಲು ತೊಳೆಯದೆ ಹೋಗಬಾರದು. ಬೀಡಿ ಸೇದಿದವನು, ಹೊಗೆಸೊಪ್ಪು ಜಗಿದವಳು, ಸೆಂಟು ಬಳಿದುಕೊಂಡವರು, ಯಾರೂ ಹೊಸ್ತಿಲು ದಾಟುವಂತಿಲ್ಲ. ಮೊಬೈಲು ಬಂದ ಮೇಲೆ ಚೆಲುವಮ್ಮ ಅದನ್ನೂ ಆ ಸಾಲಿಗೆ ಸೇರಿಸಿದಳು. ಬಾಗಿಲ ಪಕ್ಕ ಒಂದು ಸ್ಟೀಲು ಡಬ್ಬಿ ಇಟ್ಟಳು. ಒಳಗೆ ಹೋಗುವವರು ಫೋನನ್ನು ಅದರಲ್ಲಿ ಹಾಕಿ ಗಟ್ಟಿಯಾಗಿ ಮುಚ್ಚಳ ಮುಚ್ಚಬೇಕು.

“ಅದ್ರಿಂದ ಅದೇನೋ ಕಿರ್ಣ ಬತ್ತದಂತೆ. ಕಣ್ಗೆ ಕಾಣಾಕಿಲ್ಲ, ವಾಸ್ನೇನೂ ಇಲ್ಲ. ಕಾಣ್ದಿರೋದ್ನ ನಂಬ್ಬಾರ್ದು ಕಣಮ್ಮಿ.”

“ದ್ಯಾವ್ರೂ ಕಾಣಾಕಿಲ್ವಲ್ಲಕ್ಕಾ,” ಅಂದೆ.

“ದ್ಯಾವ್ರುನ್ ಯಾವಳ್ ನಂಬವ್ಳೆ? ಕೈ ಮುಗಿತೀನಿ, ಅಷ್ಟೆ.”

ಸ್ಪೀಕರಿನ ಮಾತಿನಿಂದ ಅವಳ ಮನೆಯ ಗುಟ್ಟೆಲ್ಲ ಬೀದಿಯ ಪಾಲಾಗುತ್ತಿತ್ತು. ಒಮ್ಮೆ ಕೆ.ಆರ್. ಪೇಟೆಯಲ್ಲಿರುವ ಅವಳ ತಂಗಿ ಫೋನು ಮಾಡಿದಳು. ನಾನು ಅದೇ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ತಂಗಿ ಆ ಕಡೆಯಿಂದ, “ಆ ನಿನ್ ವಾರಗಿತ್ತಿ ಈಗ್ಲೂ ಅಂಗೇ ಬಾಯ್ ಬಡ್ಕತಾ ಇರ್ತಾಳಾ?” ಅಂದಳು. ಬೇರೆ ಯಾರಾದರೂ ಆಗಿದ್ದರೆ ಸ್ಪೀಕರು ಆರಿಸಿ ಒಳಗೆ ಓಡುತ್ತಿದ್ದರು. ಚೆಲುವಮ್ಮ ಮಸಿಬಟ್ಟೆ ಸಮೇತ ಫೋನನ್ನು ನನ್ನ ಕಡೆ ಚಾಚಿ, “ಇಲ್ಲೇ ಕುಂತವ್ಳೆ, ನೀನೇ ಕೇಳ್ಕೊ,” ಅಂದಳು. ಆ ತಂಗಿ ಆಮೇಲೆ ಬಹಳ ಕಾಲ ಫೋನು ಮಾಡಲಿಲ್ಲ.

ಒಂದು ಸಲ ಹುಳ ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತಿಗೆ ಹಸಿರು ಕಕ್ಕಿಕೊಂಡು, ತಲೆ ಆಡಿಸಿಕೊಂಡು, ತಟ್ಟೆ ತಟ್ಟೆಯೇ ಸತ್ತು ಬಿದ್ದವು. ಹಿಂದಿನ ದಿನ ಅವಳ ಮಗ ಮಂಜ ಜೇಬಿನಲ್ಲಿ ಫೋನಿಟ್ಟುಕೊಂಡೇ ಒಳಗೆ ಹೋಗಿದ್ದನಂತೆ. ಚೆಲುವಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದಳು.

“ನಿನ್ ಫೋನೇ ಕಣ್ಲಾ ತಿಂದಿದ್ದು! ಎಷ್ಟ್ ಬಡ್ಕಂಡೆ, ಡಬ್ಬಿಗಾಕ್ಲಾ, ಡಬ್ಬಿಗಾಕ್ಲಾ ಅಂತ!”

ನನಗೆ ತಡೆಯಲಾಗಲಿಲ್ಲ. ಪಕ್ಕದ ಹೊಲದವನು ಟೊಮೇಟೊಗೆ ಔಷಧಿ ಹೊಡೆದಿದ್ದ. ಆ ಬದುವಿನ ಹಿಪ್ಪುನೇರಳೆ ಸೊಪ್ಪನ್ನೇ ಕೊಯ್ದು ತಂದು ಹುಳಕ್ಕೆ ಹಾಕಿದ್ದಾರೆ. ವಾಸನೆ ನನ್ನ ಮೂಗಿಗೂ ಬಂದಿತ್ತು. ಅದನ್ನೇ ಹೇಳಿದೆ.

“ಔಸ್ತಿ ಒಡ್ದಿದ್ನ ನೀನ್ ಕಂಡಾ?”

“ವಾಸ್ನೆ ಬತ್ತಿತ್ತಲ್ಲಕ್ಕಾ.”

“ನಿಂಗೆ ನೆಗ್ಡಿ. ಸುಮ್ಕಿರು.”

ನನಗೆ ನೆಗಡಿ ಇರಲಿಲ್ಲ. ಆ ಸೊಪ್ಪು ಕೊಯ್ದು ತಂದವನು ಮಂಜ. ಅವನು ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದ. ಇಷ್ಟು ಅನುಮಾನದವಳ ಮೂಗಿಗೆ ಆ ಔಷಧಿ ಯಾಕೆ ಹತ್ತಲಿಲ್ಲ ಅಂತ ನನಗೆ ಅವತ್ತೇ ಅನುಮಾನವಾಯಿತು. ಫೋನಿನ ಭಯದಲ್ಲಿ ಬುದ್ಧಿ ಕೆಟ್ಟಿದೆ ಅಂದುಕೊಂಡು ಸುಮ್ಮನಾದೆ.

ಮಂಜನ ಹೆಂಡತಿ ಸುಮಾ ನಾಗಮಂಗಲದ ಕಡೆಯವಳು. ರಾಗಿ, ತೆಂಗಿನ ನಡುವೆ ಬೆಳೆದ ಹುಡುಗಿ. ಹುಳ ಮುಟ್ಟಲು ಮೊದಮೊದಲು ಹೇಸುತ್ತಿದ್ದಳು. ಅವಳಿಗೆ ಫೋನೆಂದರೆ ಅವರಮ್ಮ. ದಿನಾ ತಾಯಿಯ ಹತ್ತಿರ ಮಾತಾಡಬೇಕು. ಕೆಲಸ ಮಾಡುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು, ಮಲಗಿದರೆ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

ಅವಳಿಗೆ ಬಸಿರು ನಿಂತಿತು. ಕೆಲವೇ ತಿಂಗಳಲ್ಲಿ ಹೋಯಿತು. ಮತ್ತೆ ನಿಂತಿತು, ಅದೂ ಹೋಯಿತು.

ನಮ್ಮೂರಲ್ಲಿ ಇಂಥದ್ದಕ್ಕೆ ಕಾರಣ ಹುಡುಕಲು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಹಾಲಿನ ಡೈರಿಗೆ ಹೋಗುತ್ತಾರೆ. ಹಾಲು ಹಾಕಲು ನಿಂತ ಸಾಲಿನಲ್ಲಿ ನಮ್ಮ ಎದುರು ಮನೆಯ ಪುಟ್ಟಮ್ಮ ಶುರು ಮಾಡಿದಳು.

“ನಾಗಮಂಗ್ಲದ್ ಕಡೆ ಎಣ್ಣು. ಒಣ್ ನೆಲ್ದಲ್ಲಿ ಏನ್ ನಿಂತಾದು? ಕಾಲ್ಗುಣ ಸರಿಗಿಲ್ಲ ಅಂದ್ರೆ ಇಂಗೇಯ. ಮಂಜುಂಗೆ ಇನ್ನೊಂದ್ ನೋಡ್ಬಾರ್ದಾ ಚೆಲುವಮ್ಮಾ?”

ಸುಮಾ ನಮ್ಮ ಹಿಂದೆಯೇ ಕ್ಯಾನು ಹಿಡಿದು ನಿಂತಿದ್ದಳು. ಚೆಲುವಮ್ಮ ತನ್ನ ಕ್ಯಾನನ್ನು ದಪ್ಪೆಂದು ಕೆಳಗಿಟ್ಟಳು.

“ನನ್ ಸೊಸೆ ಕಾಲ್ಗುಣ ಚೆಂದಾಗದೆ. ಕೆಟ್ಟಿರೋದು ಈ ಆಳಾದ್ ಫೋನು! ಸೊಂಟುಕ್ಕೆ ಸಿಗ್ಸ್ಕಂಡು ಓಡಾಡ್ತಿದ್ಲು, ಅದ್ರ ಕಾವು ಮಗಿಗೆ ತಾಕ್ತು. ನಿನ್ ಸೊಸೆ ಎಲ್ಲಿ ಮಡಿಕ್ಕತಾಳೆ ಫೋನಾ? ಮೊದ್ಲು ಅದ್ನ್ ನೋಡ್ಕೊ ಓಗು.”

ಸಾಲಿನಲ್ಲಿದ್ದ ಇನ್ನೊಬ್ಬಳು ಮೆಲ್ಲಗೆ ರವಿಕೆಯೊಳಗಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವತ್ತಿನಿಂದ ಸುಮಾಳ ಫೋನೂ ಡಬ್ಬಿ ಸೇರಿತು. ಮಾತಾಡಬೇಕೆಂದರೆ ಜಗಲಿಯ ಮೇಲೆ, ಸ್ಪೀಕರಿನಲ್ಲಿ, ಬೀದಿಯ ಎದುರು.

ಪಾಂಡವಪುರದ ಡಾಕ್ಟರಮ್ಮನ ಹತ್ತಿರ ಸುಮಾಳನ್ನು ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಚೆಲುವಮ್ಮ ಕೂರುವ ಮೊದಲೇ ಕೇಳಿದಳು.

“ಇದು ಫೋನಿಂದ್ಲೇ ಅಲ್ವಾ ಡಾಕ್ಟ್ರಮ್ಮಾ?”

“ಫೋನಿಂದ ಹೀಗಾಯ್ತು ಅನ್ನೋಕೆ ಆಧಾರ ಇಲ್ಲ ಅಜ್ಜಿ. ಎಷ್ಟೋ ಸಲ ಯಾಕೆ ಅಂತ ಗೊತ್ತೇ ಆಗೋದಿಲ್ಲ. ಈ ಹುಡುಗಿ ತಪ್ಪಂತೂ ಅಲ್ಲ. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಲಿ.”

“ಅಂಗಾರೆ ಅದ್ರಿಂದ ಏನೂ ಬರಾಕೇ ಇಲ್ವಾ?”

“ಬರುತ್ತೆ, ಬಹಳ ಕಮ್ಮಿ. ಅದು ಹೀಗೆಲ್ಲ ಮಾಡುತ್ತೆ ಅಂತ ಯಾರೂ ತೋರಿಸಿಲ್ಲ. ಭಯ ಇದ್ರೆ ಮೈಗೆ ಅಂಟಿಸಿಕೊಂಡು ಇಟ್ಕೋಬೇಡಿ. ದಿಂಬಿನ ಕೆಳಗೆ ಬೇಡ, ಚಾರ್ಜಿಗೆ ಹಾಕಿ ಮಾತಾಡೋದೂ ಬೇಡ. ಉದ್ದ ಮಾತಿದ್ರೆ ಸ್ಪೀಕರೋ ಇಯರ್‌ಫೋನೋ ಹಾಕ್ಕೊಳ್ಳಿ. ಸಿಗ್ನಲ್ ಸರಿಯಾಗಿ ಇಲ್ಲದ ಕಡೆ ಟವರಿಗೆ ಮುಟ್ಟಿಸೋಕೆ ಅದು ಜಾಸ್ತಿ ಶಕ್ತಿ ಹಾಕುತ್ತೆ, ಅಲ್ಲಿ ಮಾತು ಕಮ್ಮಿ ಮಾಡಿ.”

ನಾನು ಸುಮ್ಮನಿರಲಿಲ್ಲ. “ಇವ್ಳು ಸ್ಟೀಲ್ ಡಬ್ಬಿಲಿ ಮುಚ್ಚಿಕ್ತಾಳೆ,” ಅಂದೆ.

ಡಾಕ್ಟರಮ್ಮ ನಕ್ಕರು. “ಡಬ್ಬೀಲಿ ಮುಚ್ಚಿದ್ರೆ ಸಿಗ್ನಲ್ ಸಿಗದೆ ಇನ್ನೂ ಒದ್ದಾಡುತ್ತೆ ಅಜ್ಜಿ. ತೆಗೆದಾಗ ಬಿಸಿಯಾಗಿರುತ್ತಲ್ಲ, ಅದಕ್ಕೇ. ದೂರದಲ್ಲಿ ಒಂದು ಕಡೆ ಇಟ್ಟುಬಿಡಿ, ಸಾಕು.”

ಅಂದರೆ ಇವಳು ಇಷ್ಟು ಕಾಲ ಕಿರಣ ತಡೆಯುತ್ತೇನೆ ಅಂತ ಅದನ್ನು ಹೆಚ್ಚಿಸುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಚೆಲುವಮ್ಮ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಸೋತಿದ್ದಾಳೆ, ಇನ್ನು ಈ ಹುಚ್ಚು ಬಿಡುತ್ತಾಳೆ ಅಂದುಕೊಂಡೆ. ಊರು ಬಂತು. ನಮ್ಮ ಬೀದಿಯ ಬಾಯಿಗೆ ಬರುತ್ತಿದ್ದ ಹಾಗೆ ಅವಳ ಗಂಟಲು ಬಿಚ್ಚಿಕೊಂಡಿತು.

“ಕೇಳ್ಕಳ್ರವ್ವಾ! ಡಾಕ್ಟ್ರಮ್ನೇ ಯೋಳುದ್ಲು. ಫೋನಾ ಮೈಗ್ ಅಂಟುಸ್ಕಬ್ಯಾಡಿ, ದಿಂಬಿನ್ ಕೆಳ್ಗೆ ಮಡಿಕ್ಕಬ್ಯಾಡಿ ಅಂತ! ನಾನ್ ಯೋಳಿದ್ರೆ ಉಚ್ಚಿ ಅಂತಿದ್ರಲ್ಲ!”

ಮನೆಯೊಳಗೆ ಬಂದ ಮೇಲೆ ಕೇಳಿದೆ. “ಅರ್ಧ ಮಾತ್ನ ನುಂಗ್ಬುಟ್ಟಲ್ಲಕ್ಕಾ?”

“ಆ ಅರ್ಧ ನಿನ್ತಾವ್ ಅದಲ್ಲ, ಭದ್ರವಾಗ್ ಮಡಿಕ್ಕೊ.”

ನನಗೆ ಸಿಟ್ಟು ಬಂತು. ಸುಳ್ಳು ಹೇಳುವವರನ್ನು ನೋಡಿದ್ದೇನೆ, ಬಸ್ಸಿಳಿದ ಕೂಡಲೇ ಡಾಕ್ಟರ ಮಾತನ್ನೇ ಮುರಿದು ಮಾರುವವಳನ್ನು ಅದೇ ಮೊದಲು ನೋಡಿದ್ದು. “ಆ ಎಣ್ಣಿಗೆ ಅವ್ರವ್ವನ್ ಜೊತೆ ಒಂದ್ ಗಳ್ಗೆ ಅಳಾಕೂ ಬುಡ್ನಿಲ್ಲ ನೀನು. ಬೀದಿಲಿ ಕುಂತು ಯಾವಳ್ ಅಳ್ತಾಳೆ? ನಿನ್ ಕಿರ್ಣುಕ್ಕಿಂತ ನೀನೇ ಕೆಟ್ಟೋಳು,” ಅಂದೆ. ಅವಳು ಸೊಪ್ಪಿನ ಮೂಟೆ ಬಿಚ್ಚಲು ಹೋದಳು.

ಮುಂದಿನ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಹುಳ ಸೊಪ್ಪು ಬಿಟ್ಟು, ಪೊರೆ ಕಳಚಲು ತಲೆ ಎತ್ತಿಕೊಂಡು ಅಲ್ಲಾಡದೆ ಇರುವ ಹೊತ್ತು. ಆಗ ಹುಳದ ಮನೆಯ ಹತ್ತಿರ ಜೋರಾಗಿ ಕೆಮ್ಮಿದರೂ ಚೆಲುವಮ್ಮ ಹೊಡೆಯಲು ಬರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಮೊಸರಿಗೆ ಹೆಪ್ಪು ಕೇಳಲು ಹೋದೆ. ಅವಳು ಹುಳದ ಮನೆಯ ಹೊಸ್ತಿಲಿಗೆ ಅಡ್ಡ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದಿತ್ತು. ಅದರಲ್ಲಿ ಏನೂ ಇರಲಿಲ್ಲ.

ಒಳಗಿಂದ ಸುಮಾಳ ದನಿ ಬರುತ್ತಿತ್ತು. “ಅವ್ವಾ... ಅವ್ವಾ...” ಅಂತ ಬಿಕ್ಕುತ್ತಿದ್ದಳು. ಆ ಕಡೆಯ ದನಿ ಕೇಳುತ್ತಿರಲಿಲ್ಲ. ಸ್ಪೀಕರು ಹಾಕಿರಲಿಲ್ಲ, ಫೋನನ್ನು ಕಿವಿಗೇ ಇಟ್ಟುಕೊಂಡಿದ್ದಳು.

“ಒಳ್ಗೆ ಫೋನೈತೆ,” ಅಂದೆ.

“ಊಂ.”

“ಉಳ ಜ್ವರ್ದಲ್ಲವೆ.”

“ಇರ್ಲಿ ಬುಡು. ಎಪ್ಪು ಒಲೆ ಪಕ್ದಲ್ಲದೆ, ತಗಂಡೋಗು. ಇಲ್ಲಿ ನಿಂತ್ಕಬ್ಯಾಡ.”

ಅವಳು ಮೊರದಿಂದ ತಲೆ ಎತ್ತಲಿಲ್ಲ. ನಾನು ಹೆಪ್ಪು ತೆಗೆದುಕೊಂಡು ವಾಪಸು ಬರುವಾಗಲೂ ಅಕ್ಕಿ ಆರಿಸುತ್ತಲೇ ಇದ್ದಳು. ಆ ಮೊರದಲ್ಲಿ ಆರಿಸಲು ಏನೂ ಉಳಿದಿರಲಿಲ್ಲ. ಆ ಸಲ ಗೂಡು ಚೆನ್ನಾಗಿಯೇ ಆಯಿತು.

ಫೋನಿನಿಂದ ಏನೂ ಆಗದೆಂದು ಗೊತ್ತಿದ್ದೂ ಈ ಹೆಂಗಸು ಬೀದಿಯಲ್ಲಿ ಯಾಕೆ ಹಾಗೆ ಕೂಗುತ್ತಾಳೆ ಅಂತ ನನಗೆ ಆಮೇಲೆ ನಿದ್ದೆ ಬರಲಿಲ್ಲ. ಕೇಳಿದರೆ ಬಾಯಿ ಬಿಡುವವಳಲ್ಲ. ಪರೀಕ್ಷೆ ಮಾಡಿಸಿದರು, ಮಾತ್ರೆ ಕೊಟ್ಟರು. ಸುಮಾಳಿಗೆ ಮಗು ಆಗಲಿಲ್ಲ. ಆದರೆ ಡೈರಿಯಲ್ಲಿ ಅವಳ ಕಾಲ್ಗುಣದ ಸುದ್ದಿ ಮತ್ತೆ ಏಳಲಿಲ್ಲ. ಬೀದಿಯ ಹೆಂಗಸರೆಲ್ಲ ಫೋನನ್ನು ಜಗಲಿಯ ಮೇಲೆ ಇಡಲು ಕಲಿತರು. ಮಂಜನಿಗೆ ಇನ್ನೊಂದು ಹೆಣ್ಣು ನೋಡು ಅಂತ ಯಾರೂ ಚೆಲುವಮ್ಮನ ಮುಂದೆ ಬಾಯಿ ತೆರೆಯಲಿಲ್ಲ. ತೆರೆದರೆ ಅವರ ಮನೆಯ ಫೋನುಗಳೆಲ್ಲ ಎಲ್ಲೆಲ್ಲಿ ಮಲಗುತ್ತವೆ ಅಂತ ಅವಳು ಸಾರಿಬಿಡುತ್ತಿದ್ದಳು.

ಆಮೇಲೆ ಸಕ್ಕರೆ ಕಾಯಿಲೆಯಲ್ಲಿ ಚೆಲುವಮ್ಮನ ಕಾಲು ಊದಿಕೊಂಡಿತು. ಪಡಸಾಲೆಯ ಮಂಚ ಹಿಡಿದಳು. ನಾನು ಕಡೆಯ ಸಲ ಹೋಗಿ ಕೂತಾಗ ಸುಮಾ ಸೊಪ್ಪು ಕೊಯ್ಯಲು ಹೋಗಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನು ಕೇಳದಿದ್ದರೆ ಆಗದು ಅನ್ನಿಸಿತು.

“ಅಕ್ಕಾ, ನಿಜ ಯೋಳು. ಆ ಕೂಸ್ಗಳು ಫೋನಿಂದ ಓದ್ವು ಅಂತ ನೀನ್ ನಂಬಿದ್ದಾ?”

“ನಮ್ಮತ್ತೆ ನನ್ನ ಏನಂತಿದ್ಲು, ಗ್ಯಾನ ಅದಾ?” ಅಂದಳು.

ಮರೆಯುವ ಮಾತಲ್ಲ ಅದು. ಮಂಜ ಹುಟ್ಟುವ ಮೊದಲು ಚೆಲುವಮ್ಮನಿಗೂ ಬಸಿರು ನಿಂತು ನಿಂತು ಹೋಗಿತ್ತು. ನಮ್ಮತ್ತೆ ಅವಳನ್ನು ಕರೆಯುತ್ತಿದ್ದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ದಿನ ಹಿತ್ತಿಲ ಬಾವಿಯ ಕಟ್ಟೆ ಹತ್ತಿ ನಿಂತಿದ್ದವಳನ್ನು ನಮ್ಮ ಮಾವ ಸೆರಗು ಹಿಡಿದು ಎಳೆದು ತಂದಿದ್ದರು.

“ಯಾರ್ನಾರಾ ಬೈಯ್ದೆ ಈ ಊರ್ ಸುಮ್ಕಿರಾಕಿಲ್ಲ,” ಅಂದಳು ಚೆಲುವಮ್ಮ. “ಫೋನ್ಗೆ ಎಷ್ಟ್ ಬೈದ್ರೂ ಅದು ಬಾವಿ ಅತ್ರುಕ್ ಓಗಾಕಿಲ್ಲ ಕಣಮ್ಮಿ.”

ಇದನ್ನಾದರೂ ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಫೋನಿನ ಮೇಲಿನ ಅವಳ ಅನುಮಾನ ಪೂರ್ತಿ ನಾಟಕವೂ ಆಗಿರಲಿಲ್ಲ. ಅವಳು ನಕ್ಕು, ಆ ಕಡೆ ಹೊರಳಿಕೊಂಡಳು. ಅದೇ ವಾರ ಹೋದಳು.

ಈಗ ಹುಳದ ಮನೆ ಸುಮಾಳ ಕೈಯಲ್ಲಿದೆ. ಮೊನ್ನೆ ಅವಳು ಡೈರಿಯಿಂದ ಹೊರಟ ಮೇಲೆ ಪುಟ್ಟಮ್ಮ ನನ್ನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದಳು.

“ಅಲ್ಲಾ ಕಣಕ್ಕಾ, ಚೆಲುವಮ್ಮ ಅಂತೂ ಓದ್ಲು. ಈಗ್ಲಾದ್ರೂ ಯೋಳು. ಅವತ್ತು ಡಾಕ್ಟ್ರಮ್ಮ ಅಂಗೇ ಅಂದ್ಲಾ? ಫೋನಿಂದ್ಲೇನಾ ಅದು, ಇಲ್ಲಾ ಈ ಎಣ್ಣಿಂದ್ಲೇ ಏನಾರಾ...”

“ಫೋನಿಂದ್ಲೇ,” ಅಂದೆ. “ನಾನೇ ಕಿವಿಯಾರ ಕೇಳಿವ್ನಿ. ನಿನ್ ಸೊಸೆ ದಿಂಬಿನ್ ಕೆಳ್ಗೆ ಏನದೆ ನೋಡೋಗು ಮೊದ್ಲು.”